ಫ್ಯಾನಿಗೆ ನೀರು ಆಮೇಲೆ, ಮೊದಲು ದಿಂಬಿನ ಗಲೀಪು

ಶಿವರಾತ್ರಿ ದಾಟಿ ನಾಲ್ಕು ದಿನ ಆಗಿತ್ತು. ಊಟಕ್ಕೆ ಕೂತಾಗ ಸೆಕೆ ತಡೆಯಲಾಗದೆ, ಚಳಿಗಾಲ ಪೂರ್ತಿ ಸುಮ್ಮನೆ ನಿಂತಿದ್ದ ಪಡಸಾಲೆಯ ಫ್ಯಾನನ್ನು ಒಮ್ಮೆಲೇ ಐದಕ್ಕೆ ತಿರುಗಿಸಿದೆ. ತಾಟಿನಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು. ಹತ್ತಿಯಂಥ ಬೂದು ಉಂಡೆಯೊಂದು ತೇಲಿ ಬಂದು ಸರಿಯಾಗಿ ಮೊಸರಿನ ಮೇಲೆ ಕೂತಿತು. ಅದರ ಹಿಂದೆ ಇನ್ನೊಂದು. ವಿಜಯಪುರದಲ್ಲಿ ಇರುವವರಿಗೆ ಇದೇನು ಹೊಸದಲ್ಲ ಬಿಡಿ.

ಆವತ್ತು ಸಂಜೆ ಒದ್ದೆ ಅರಿವೆ ಹಿಡಿದು ಸ್ಟೂಲು ಹತ್ತಿದೆ. ತಪ್ಪಾಗಿದ್ದು ಅಲ್ಲೇ. ಎರಡೇ ನಿಮಿಷಕ್ಕೆ ಧೂಳು ಕೆಸರಾಯಿತು, ಕೆಸರು ಮೊಣಕೈವರೆಗೆ ಇಳಿಯಿತು, ಗೋಡೆಗೂ ನಾಲ್ಕು ಹನಿ ಸಿಡಿಯಿತು. ಮಳೆಗಾಲದಲ್ಲಿ ಎರಿ ಹೊಲ ದಾಟಿದವರಿಗೆ ಈ ಮಣ್ಣಿನ ಗುಣ ಗೊತ್ತು. ಒಣಗಿದ್ದಾಗ ಹಿಟ್ಟಿನಂತೆ ಹಾರುತ್ತದೆ, ನೀರು ಸೋಕಿತೋ ಚಪ್ಪಲಿ ಬಿಡುವುದಿಲ್ಲ. ರೆಕ್ಕೆಯ ಮೇಲೂ ಅದೇ ಕತೆ. ಅದಕ್ಕೇ ಮೊದಲು ಒಣಗಿದ್ದನ್ನು ಒಣಗಿದಂತೆಯೇ ತೆಗೆಯಬೇಕು. ನೀರು ಆಮೇಲೆ.

ಅಷ್ಟು ಜೋರಾಗಿ ತಿರುಗುವ ಫ್ಯಾನಿಗೆ ಧೂಳು ಹೇಗೆ ಅಂಟುತ್ತದೆ ಅಂತ ಮಗಳು ಕೇಳಿದಳು. ಟೇಬಲ್ ಮೇಲಿನ ಧೂಳನ್ನು ಬಾಯಿಂದ ಊದಿ ನೋಡಿ. ದಪ್ಪ ಧೂಳು ಹಾರುತ್ತದೆ, ಸಣ್ಣದು ಅಲ್ಲೇ ಉಳಿಯುತ್ತದೆ, ಬೆರಳಿಂದಲೇ ಒರೆಸಬೇಕು. ಯಾಕೆಂದರೆ ಮೇಲ್ಮೈಗೆ ತೀರ ಹತ್ತಿರ ಇರುವ ತೆಳ್ಳನೆ ಗಾಳಿಪದರ ಹೆಚ್ಚುಕಮ್ಮಿ ನಿಂತೇ ಇರುತ್ತದೆ. ರೆಕ್ಕೆಯ ಮೇಲೂ ಹಾಗೇ, ಅದರ ಜೊತೆ ಒಂದು ಗಾಳಿಪದರ ತಿರುಗುತ್ತಿರುತ್ತದೆ. ಅದರೊಳಗೆ ಸೇರಿದ ಸಣ್ಣ ಧೂಳನ್ನು ಗಾಳಿ ಎಬ್ಬಿಸಲಾರದು. ಗಾಳಿಯನ್ನು ಸೀಳುವ ಮುಂದಿನ ಅಂಚಿಗಂತೂ ಧೂಳು ನೇರವಾಗಿ ಬಂದು ಬಡಿಯುತ್ತದೆ. ನಿಮ್ಮ ಫ್ಯಾನು ನೋಡಿ, ಆ ಅಂಚಿನಲ್ಲೇ ಕಪ್ಪು ಗೆರೆ ಜಾಸ್ತಿ ಇರುತ್ತದೆ.

ಇನ್ನು ಕೆಲಸಕ್ಕೆ ಬರೋಣ. ಮೊದಲು ಎಂಸಿಬಿ, ಅಂದರೆ ಮೇನ್ ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್ಚು, ಇಳಿಸಿ. ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಕಲ್ವಾ ಅನ್ನಬೇಡಿ. ಹಳೆ ಮನೆಗಳ ವೈರಿಂಗ್‌ನಲ್ಲಿ ಕೆಲವೊಮ್ಮೆ ಸ್ವಿಚ್ಚನ್ನು ನ್ಯೂಟ್ರಲ್ ತಂತಿಗೆ ಜೋಡಿಸಿರುತ್ತಾರೆ. ಆಗ ಸ್ವಿಚ್ ಆಫ್ ಇದ್ದರೂ ಫ್ಯಾನಿನಲ್ಲಿ ಕರೆಂಟ್ ಇರುತ್ತದೆ. ಮನೆಯವರಿಗೂ ಒಂದು ಮಾತು ಹೇಳಿಡಿ, ಕರೆಂಟ್ ಹೋಯಿತು ಅಂದುಕೊಂಡು ಯಾರಾದರೂ ಎಂಸಿಬಿ ಎತ್ತಿಯಾರು.

ಕೆಳಗೆ ಹಳೆ ಚಾದರ ಹಾಸಿ. ಕೌದಿ ಬೇಡ, ಅದನ್ನು ಒಗೆಯುವ ಕಷ್ಟ ಒಗೆದವರಿಗೇ ಗೊತ್ತು. ನೀರಿನ ಕೊಡ ಮುಚ್ಚಿ, ಮೂಗು ಬಾಯಿಗೆ ಬಟ್ಟೆ ಕಟ್ಟಿ. ಕನ್ನಡಕ ಇದ್ದರೆ ಹಾಕಿಕೊಳ್ಳಿ, ಮುಖ ಮೇಲೆತ್ತಿದರೆ ಧೂಳು ಬೀಳುವುದು ಕಣ್ಣಿಗೇ.

ಹತ್ತಲು ಗಟ್ಟಿ ಏಣಿ ಬೇಕು, ಅದನ್ನು ಹಿಡಿಯಲು ಒಬ್ಬರು ಬೇಕು. ಹೊರಸಿನ ಮೇಲೆ ಸ್ಟೂಲು ಇಟ್ಟು ಹತ್ತುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಯವಿಟ್ಟು ಬೇಡ. ಎತ್ತರದ ಮಾಳಿಗೆ ಮನೆಯಾದರೆ ಉದ್ದ ಹಿಡಿಕೆಯ, ಯು ಆಕಾರದ ಬ್ರಷ್ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿ ನೆಲದಲ್ಲೇ ನಿಂತು ಒಣ ಧೂಳು ತೆಗೆಯಬಹುದು.

ಈಗ ಗಲೀಪಿನ ಸರದಿ. ಹಳೆಯ ದಿಂಬಿನ ಗಲೀಪನ್ನು ರೆಕ್ಕೆಗೆ ಕಾಲುಚೀಲದಂತೆ ಬುಡದವರೆಗೆ ತೊಡಿಸಿ. ಒಂದು ಕೈಯಿಂದ ರೆಕ್ಕೆಯ ಬುಡವನ್ನು ಅಲುಗಾಡದಂತೆ ಹಿಡಿಯಿರಿ. ಇನ್ನೊಂದು ಕೈಯಿಂದ ಬಟ್ಟೆಯ ಮೇಲಿನಿಂದಲೇ ರೆಕ್ಕೆಯನ್ನು ಮೇಲೂ ಕೆಳಗೂ ಒತ್ತುತ್ತ, ನಿಧಾನವಾಗಿ ತುದಿಯ ಕಡೆ ಎಳೆಯಿರಿ. ಧೂಳೆಲ್ಲ ಒಳಗೇ ಬೀಳುತ್ತದೆ. ಎಳೆತ ನೇರ ಹೊರಕ್ಕೆ ಇರಲಿ, ಕೆಳಕ್ಕೆ ಜಗ್ಗಬೇಡಿ. ಹೋದ ವರ್ಷ ಅವಸರದಲ್ಲಿ ಜಗ್ಗಿ ಒಂದು ರೆಕ್ಕೆ ಬಗ್ಗಿಸಿದ್ದೆ. ಅವತ್ತಿನಿಂದ ಫ್ಯಾನು ಟಕ್ ಟಕ್ ಅಂತ ತೂಗಲು ಶುರುಮಾಡಿತು. ಬಗ್ಗಿದ್ದು ಗೊತ್ತಾಗಲು ಸುಲಭ ಉಪಾಯ ಇದೆ. ಸೂರಿನಿಂದ ಒಂದು ರೆಕ್ಕೆಯ ತುದಿವರೆಗೆ ಕೋಲಿಟ್ಟು ಗುರುತು ಮಾಡಿ, ಫ್ಯಾನನ್ನು ಕೈಯಿಂದ ತಿರುಗಿಸುತ್ತ ಉಳಿದ ಎರಡನ್ನೂ ಅದೇ ಜಾಗದಲ್ಲಿ ಅಳೆಯಿರಿ. ಅಳತೆ ತಪ್ಪಿದ್ದೇ ಬಗ್ಗಿದ ರೆಕ್ಕೆ.

ಗಲೀಪನ್ನು ಹೊರಗೆ ಝಾಡಿಸಿ. ಗಾಳಿ ಯಾವ ಕಡೆ ಬೀಸುತ್ತಿದೆ, ಪಕ್ಕದ ಮನೆಯವರು ಬಟ್ಟೆ ಒಣಹಾಕಿದ್ದಾರಾ ಅಂತ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಆಮೇಲೆ ನೀರು. ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಬಟ್ಟೆಯನ್ನು ಹನಿ ತೊಟ್ಟಿಕ್ಕದಂತೆ ಹಿಂಡಿ ಒರೆಸಿ, ಸಾದಾ ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಕೂಡಲೇ ಒಣ ಬಟ್ಟೆ ಆಡಿಸಿ. ನಮ್ಮ ಕಡೆ ಬೋರಿನ ಸವಳು ನೀರು ಹಾಗೇ ಒಣಗಿದರೆ ರೆಕ್ಕೆ ತುಂಬ ಬಿಳಿ ಚುಕ್ಕಿ ಬೀಳುತ್ತದೆ.

ಅಡುಗೆಮನೆಯ ಫ್ಯಾನಿನ ಕತೆಯೇ ಬೇರೆ. ಮಿರ್ಚಿ ಭಜಿಯ ಎಣ್ಣೆ ಹೊಗೆ, ರೊಟ್ಟಿ ಬಡಿಯುವಾಗ ಹಾರುವ ಜೋಳದ ಹಿಟ್ಟು, ಧೂಳು, ಮೂರೂ ಸೇರಿ ಅಂಟಿನಂತೆ ಗಟ್ಟಿಯಾಗಿರುತ್ತದೆ. ಉಗುರಿಂದ ಕೆರೆದರೆ ಕಂದು ಮೇಣದ ಹಾಗೆ ಸುರುಳಿ ಬರುತ್ತದೆ. ತಿಕ್ಕಿದರೆ ಬಣ್ಣ ಹೋಗುತ್ತದೆಯೇ ಹೊರತು ಅದು ಹೋಗುವುದಿಲ್ಲ. ಸೋಪುನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ರೆಕ್ಕೆಗೆ ಸುತ್ತಿ ಹತ್ತು ನಿಮಿಷ ಬಿಡಿ, ಚಹಾ ಕುಡಿದು ಬನ್ನಿ. ಮೆತ್ತಗಾಗಿರುತ್ತದೆ. ವಾಷಿಂಗ್ ಸೋಡಾ, ಕಾಸ್ಟಿಕ್ ಸೋಡಾ ಮುಟ್ಟಲೇಬೇಡಿ. ಹೆಚ್ಚಿನ ಫ್ಯಾನುಗಳ ರೆಕ್ಕೆ ಅಲ್ಯೂಮಿನಿಯಂ, ಸೋಡಾ ಅದನ್ನು ತಿನ್ನುತ್ತದೆ.

ನಡುವಿನ ಮೋಟಾರಿಗೆ ನೀರು ಬೇಡವೇ ಬೇಡ. ಬಣ್ಣ ಬಳಿಯುವ ಒಣ ಬ್ರಷ್ಷಿನಿಂದ ಅದರ ತೂತುಗಳ ಧೂಳು ತೆಗೆಯಿರಿ. ಎಣ್ಣೆಯನ್ನೂ ಹಾಕಬೇಡಿ. ಈಗಿನ ಬೇರಿಂಗ್‌ಗಳು ಸಾಮಾನ್ಯವಾಗಿ ಸೀಲ್ ಆಗಿರುತ್ತವೆ, ಎಣ್ಣೆ ಹೊರಗೇ ಉಳಿದು ಇನ್ನಷ್ಟು ಧೂಳು ಹಿಡಿಯುತ್ತದೆ. ಹೇಗೂ ಮೇಲೆ ಹತ್ತಿದ್ದೀರಿ, ರೆಕ್ಕೆಯ ಸ್ಕ್ರೂ ಬಿಗಿ ಇದೆಯಾ, ರಾಡಿನ ಬೋಲ್ಟಿಗೆ ಪಿನ್ನು ಇದೆಯಾ ನೋಡಿ. ರೆಕ್ಕೆ ಬಿಚ್ಚಿದ್ದರೆ ಅದೇ ಜಾಗಕ್ಕೆ ಅದನ್ನೇ ಹಾಕಿ. ಬೇರೆ ಫ್ಯಾನಿನ ರೆಕ್ಕೆ ತೂಕಕ್ಕೆ ಹೊಂದುವುದಿಲ್ಲ.

ಸ್ವಚ್ಛ ಮಾಡಿದರೂ ಫ್ಯಾನು ನಿಧಾನ ತಿರುಗಿದರೆ ಧೂಳನ್ನು ಬೈಯಬೇಡಿ. ಹೆಚ್ಚಾಗಿ ಕೆಪಾಸಿಟರ್, ಅಂದರೆ ಮೋಟಾರು ತಿರುಗಲು ನೆರವಾಗುವ ಸಣ್ಣ ಬಿಡಿಭಾಗ, ಸೋತಿರುತ್ತದೆ. ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್‌ದು ಇರುತ್ತದೆ, ಹಳೆಯದರ ಮೇಲೆ ಬರೆದಿರುವುದನ್ನೇ ನೋಡಿ ಎಲೆಕ್ಟ್ರಿಷಿಯನ್ ಕೈಯಿಂದ ಹಾಕಿಸಿ.

ಎಲ್ಲ ಮುಗಿದ ಮೇಲೂ ಚಾದರ ಎತ್ತಲು ಅವಸರ ಮಾಡಬೇಡಿ. ರೆಕ್ಕೆ ಪೂರ್ತಿ ಒಣಗಲಿ. ಆಮೇಲೆ ಎಂಸಿಬಿ ಎತ್ತಿ, ಒಂದರಲ್ಲಿ ಸ್ವಲ್ಪ ಹೊತ್ತು, ಐದರಲ್ಲಿ ಸ್ವಲ್ಪ ಹೊತ್ತು ಓಡಿಸಿ. ಎಲ್ಲೋ ಮೂಲೆಯಲ್ಲಿ ಅಡಗಿದ್ದ ಒಂದೆರಡು ಉಂಡೆ ಈಗ ಬೀಳುತ್ತವೆ. ಅವು ಬಿದ್ದ ಮೇಲೆ ಚಾದರದ ನಾಲ್ಕೂ ಮೂಲೆ ಹಿಡಿದು ಮಡಚಿ ಹೊರಗೆ ಒಯ್ಯಿರಿ, ಆಮೇಲೆ ತಾಟು ಹಾಕಿ.