ಹಳೇ ಮಾದರಿ ಹ್ಯಾಮ್ ಸೆಟ್‌ಗೆ ವಾಲ್ವ್ ಆರಿಸುವುದು ಹೇಗೆ?

ವಾಲ್ವ್ (ಟ್ರಾನ್ಸಿಸ್ಟರ್‌ಗೂ ಮುಂಚಿನ ನಿರ್ವಾತ ನಳಿಕೆ) ಬಳಸಿ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಸೆಟ್ ಕಟ್ಟುವವರು ಆಂಟೆನಾ ಕಡೆಯಿಂದ ಹಿಂದಕ್ಕೆ ಬರಬೇಕು. ಟ್ರಾನ್ಸ್‌ಮಿಟರ್‌ನ ಕೊನೆಯ ವಾಲ್ವ್, ಅಂದರೆ ಫೈನಲ್ ಯಾವುದೆಂದು ಮೊದಲು ಗೊತ್ತು ಮಾಡಿಕೊಳ್ಳಿ. ಪವರ್ ಸಪ್ಲೈ ಎಷ್ಟು ವೋಲ್ಟ್ ಕೊಡಬೇಕು, ಫೈನಲ್‌ಗೆ ಸಿಗ್ನಲ್ ಕೊಡುವ ಡ್ರೈವರ್ ಎಷ್ಟು ಬಲವಾಗಿರಬೇಕು ಎಂಬುದೆಲ್ಲ ಆಮೇಲೆ ತಾನಾಗಿಯೇ ತೀರ್ಮಾನವಾಗುತ್ತದೆ.

ಹಳಬರು ನೆಚ್ಚಿಕೊಂಡಿದ್ದ ಫೈನಲ್ 807. ಒಳ್ಳೆಯ ಗಟ್ಟಿ ವಾಲ್ವ್. ಆದರೆ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಜಾಸ್ತಿ. ವೈರಿಂಗ್ ಸ್ವಲ್ಪ ಎಡವಟ್ಟಾದರೂ ವಿಎಚ್ಎಫ್‌ನಲ್ಲಿ (ತೀರಾ ಮೇಲಿನ ಆವರ್ತನಗಳಲ್ಲಿ) ತಾನೇ ಆಸಿಲೇಟ್ ಆಗಲು, ಅಂದರೆ ಬೇಡದ ಸಿಗ್ನಲ್ ಹುಟ್ಟಿಸಲು ಶುರುವಾಗುತ್ತದೆ. ನನ್ನ ಓಟು 1950ರ ದಶಕದಲ್ಲಿ ಬಂದ 6146ಕ್ಕೆ. 60 ಮೆಗಾಹರ್ಟ್ಸ್‌ವರೆಗೂ ಅದಕ್ಕೆ ಪೂರ್ತಿ ರೇಟಿಂಗ್ ಇದೆ. ಅದರ ಬುಡ ನೋಡಿ: 1, 4, 6 ಮೂರೂ ಪಿನ್ ಕ್ಯಾಥೋಡ್‌ದೇ (ಎಲೆಕ್ಟ್ರಾನ್ ಹೊರಸೂಸುವ ಭಾಗ). ಇದು ಸುಮ್ನೆ ಕೊಟ್ಟದ್ದಲ್ಲ. ಮೂರನ್ನೂ ಬೇರೆ ಬೇರೆ ಗಿಡ್ಡ ತಂತಿಯಲ್ಲಿ ಷಾಸಿಗೆ (ಸೆಟ್‌ನ ಲೋಹದ ಚೌಕಟ್ಟಿಗೆ) ಬೆಸೆಯಿರಿ. ಒಂದನ್ನೇ ಬೆಸೆದು ಬಿಟ್ಟರೆ ಆ ತಂತಿಯ ಇಂಡಕ್ಟೆನ್ಸ್‌ನಿಂದಾಗಿ 28 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಹೆಚ್ಚು ಡ್ರೈವ್ ಬೇಕಾಗುತ್ತದೆ. ನ್ಯೂಟ್ರಲೈಸೇಷನ್ (ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಸೋರುವ ಸಿಗ್ನಲನ್ನು ರದ್ದು ಮಾಡುವುದು) ಇದಕ್ಕೂ ತಪ್ಪದು. ಜೋಡಿಯಾಗಿ ಹಾಕುವಾಗ 6146ರ ಪಕ್ಕ ಅದರ ನಂತರದ ಆವೃತ್ತಿಯಾದ 6146ಬಿ ಬೆರೆಸಬೇಡಿ.

ಕಂಪನಿಯವರ ಹ್ಯಾಮ್ ಸೆಟ್‌ಗಳಾದ ಡ್ರೇಕ್ ಟಿಆರ್-4ರಲ್ಲಿ 6ಜೆಬಿ6, ಯೇಸು ಎಫ್‌ಟಿ-101ರಲ್ಲಿ 6ಜೆಎಸ್6 ಫೈನಲ್‌ಗಳಾಗಿ ಇವೆ. ಇವು ಟಿವಿಯ ಹಾರಿಜಾಂಟಲ್ ಔಟ್‌ಪುಟ್‌ಗೆಂದು ಮಾಡಿದ ವಾಲ್ವ್‌ಗಳು. ಕಡಿಮೆ ವೋಲ್ಟೇಜ್‌ನಲ್ಲೇ ಭಾರೀ ಕರೆಂಟ್ ಕೊಡುತ್ತವೆ, ಆದರೆ ಬಿಸಿ ತಾಳುವುದಿಲ್ಲ. ಎಸ್‌ಎಸ್‌ಬಿ (ಒಂದೇ ಸೈಡ್‌ಬ್ಯಾಂಡ್‌ನಲ್ಲಿ ಧ್ವನಿ ಕಳಿಸುವ ವಿಧಾನ) ಮಾತಿಗೆ ಸರಿ. ಟ್ಯೂನ್ ಮಾಡುವಾಗ ಮಾತ್ರ ಕೆಲವೇ ಸೆಕೆಂಡಿನಲ್ಲಿ ಮುಗಿಸಿ, ಪ್ಲೇಟ್ ಕೆಂಪಾಗುವವರೆಗೆ ಕಾಯಬೇಡಿ.

ಇನ್ನು ರಿಸೀವರ್. ಇಲ್ಲಿ ಜನ ಎಡವುವುದು 6ಬಿಎ6 ಮತ್ತು 6ಎಯು6 ನಡುವೆ. ಎರಡರ ಪಿನ್ ಜೋಡಣೆಯೂ ಒಂದೇ, ಹೀಟರ್ (ಕ್ಯಾಥೋಡ್ ಕಾಯಿಸುವ ತಂತಿ) ಕರೆಂಟೂ ಒಂದೇ. ಹಾಗಂತ ಅದಲು ಬದಲು ಮಾಡಬಹುದಲ್ವಾ ಅನ್ನಿಸುತ್ತದೆ. ಆದರೆ ಗ್ರಿಡ್‌ಗೆ (ಎಲೆಕ್ಟ್ರಾನ್ ಹರಿವನ್ನು ಹತೋಟಿಯಲ್ಲಿಡುವ ಜಾಲರಿಗೆ) ನೆಗೆಟಿವ್ ವೋಲ್ಟೇಜ್ ಏರಿಸಿದಂತೆ 6ಬಿಎ6 ಮೆಲ್ಲಗೆ ಗೇನ್ ಇಳಿಸುತ್ತದೆ. 6ಎಯು6 ಥಟ್ಟನೆ ಮುಚ್ಚಿಕೊಳ್ಳುತ್ತದೆ. ಎಜಿಸಿ (ಸಿಗ್ನಲ್ ಬಲಕ್ಕೆ ತಕ್ಕಂತೆ ಗೇನ್ ತಾನೇ ಹೊಂದಿಸುವ ಏರ್ಪಾಡು) ಇರುವ ಐಎಫ್ (ಮಧ್ಯಂತರ ಆವರ್ತನ) ಹಂತದಲ್ಲಿ 6ಎಯು6 ಹಾಕಿದರೆ ಜೋರಾದ ಸಿಗ್ನಲ್ ಬಂದಾಗ ಧ್ವನಿ ಒಡೆಯುತ್ತದೆ. 6ಎಯು6 ಅನ್ನು ವಿಎಫ್ಒಗೆ (ಆವರ್ತನ ಬದಲಿಸಬಹುದಾದ ಆಸಿಲೇಟರ್‌ಗೆ) ಇಟ್ಟುಕೊಳ್ಳಿ. ವಿಎಫ್ಒಗೆ ಹೋಗುವ ವೋಲ್ಟೇಜ್ ಅಲುಗಾಡದಂತೆ 150 ವೋಲ್ಟಿನ 0ಎ2 ರೆಗ್ಯುಲೇಟರ್ ಹಾಕಿ.

ಬಂದ ಸಿಗ್ನಲನ್ನು ಐಎಫ್‌ಗೆ ಬದಲಿಸುವ ಮಿಕ್ಸರ್‌ಗೆ 6ಬಿಇ6 ಸುಲಭ, ಆದರೆ ಗ್ರಿಡ್‌ಗಳು ಜಾಸ್ತಿಯಾದಷ್ಟೂ ಗದ್ದಲ ಜಾಸ್ತಿ. ಮೇಲಿನ ಬ್ಯಾಂಡ್‌ಗಳಲ್ಲಿ ಸಣ್ಣ ಸಿಗ್ನಲ್ ಕೇಳಬೇಕೆಂದರೆ ಒಂದೇ ಗ್ರಿಡ್ ಇರುವ ಟ್ರಯೋಡ್ ಮಿಕ್ಸರ್ ಒಳ್ಳೆಯದು.

ಕೊನೆಗೆ ಹೀಟರ್ ಲೆಕ್ಕ. 6.3 ವೋಲ್ಟ್ ವಾಲ್ವ್‌ಗಳ ಕರೆಂಟನ್ನೆಲ್ಲ ಕೂಡಿಸಿ, ಟ್ರಾನ್ಸ್‌ಫಾರ್ಮರ್ ತಡೆಯುತ್ತದೋ ನೋಡಿ. ನಿಮ್ಮ ಸಪ್ಲೈ 12.6 ವೋಲ್ಟಿನದಾದರೆ 6146ರ ಬದಲು 6883 ಹಾಕಿ. ಹೀಟರ್ ಬಿಟ್ಟರೆ ಎರಡೂ ಒಂದೇ.