ರೊಟ್ಟಿ ಸುಡೂಕಿಂತ ಮೊದಲ ರೆಗ್ಯುಲೇಟರ್ ನೋಡ್ರಿ

ಈ ಸಲ ರಜಾಕ್ಕ ಹುಬ್ಬಳ್ಳಿ ವಿದ್ಯಾನಗರದಾಗ ಇದ್ದಾಗ, ಅಮೆರಿಕಾಕ್ಕ ಹೊಂಟ ಹುಡುಗರು ಮನಿಗೆ ಬಂದು ಕೇಳಿದ್ದು ಇದನ್ನ: 'ಅಲ್ಲಿ ಜ್ವಾಳದ ರೊಟ್ಟಿ ಉರಿ ಮ್ಯಾಲೆ ಸುಡಬಹುದೇನ್ರೀ?' ಸುಡಬಹುದು. ಹಂಚು ತಗೊಂಡ ಬರ್ರಿ. ಒಲಿ ಮಾತ್ರ ಹೊತಗೊಂಡ ಬರಬ್ಯಾಡ್ರಿ.

ಊರಾಗ 14.2 ಕಿಲೋ ಸಿಲಿಂಡರಿನ ರೆಗ್ಯುಲೇಟರ್ ಸುಮಾರು 30 ಮಿಲಿಬಾರ್ ಒತ್ತಡ ಕೊಡ್ತದ, ನಾವು ಅದನ್ನ ಮುಟ್ಟೂದಿಲ್ಲ. ಇಲ್ಲಿ ಅಮೆರಿಕಾದಾಗ ಒಲಿಯ ಹಿಂಭಾಗದಾಗೂ ಒಂದು ರೆಗ್ಯುಲೇಟರ್ ಇರ್ತದ. ಹೊಸಾ ಒಲಿ ಸಾಮಾನ್ಯವಾಗಿ ನ್ಯಾಚುರಲ್ ಗ್ಯಾಸಿಗೆ ಹೊಂದಿಸಿ ಬಂದಿರ್ತದ. ಪಟ್ಟಣದಾಗ ಪೈಪಿನಾಗ ಬರೂದು ಅದ. ಊರ ಹೊರಗ ಮನಿ ತಗೊಂಡ್ರ ಅಂಗಳದಾಗ ಪ್ರೊಪೇನ್ (ನಮ್ಮೂರ ಸಿಲಿಂಡರ್ ಗ್ಯಾಸಿನಂಥಾದ್ದು) ಟ್ಯಾಂಕ್.

ನನ್ನ ಮನಿ ಅಂಥಾದ್ದ. ಹೊಸಾ ಒಲಿ ಪೆಟ್ಟಿಗಿ ಬಿಚ್ಚಿ ಹಂಗ ಜೋಡಿಸಿಬಿಟ್ಟೆ. ಹಳದಿ ಉರಿ ಭಗ್ ಅಂತ ಎದ್ದು ಹಂಚಿನ ಸುತ್ತ ಹತ್ತಿಕೊಂಡ್ತು, ರೊಟ್ಟಿ ತುಂಬ ಮಸಿ. ಗ್ಯಾಸೇ ಕೆಟ್ಟದ್ದಿರಬೇಕು ಅಂದುಕೊಂಡೆ. ಹುಚ್ಚಪ್ಪ!

ಒಂದು ಘನ ಅಡಿ ನ್ಯಾಚುರಲ್ ಗ್ಯಾಸಿನಾಗ ಸುಮಾರು 1,000 ಬಿಟಿಯು (ಶಾಖ ಅಳಿಯೂ ಮಾಪು) ಶಾಖ, ಅಷ್ಟ ಪ್ರೊಪೇನಿನಾಗ 2,500. ಅದಕ್ಕ ಪ್ರೊಪೇನಿಗೆ ಜೆಟ್ಟಿನ, ಅಂದ್ರ ಬರ್ನರಿಗೆ ಗ್ಯಾಸ್ ಬಿಡೂ ಸಣ್ಣ ನಳಿಗಿಯ, ತೂತು ಸಣ್ಣದಿರಬೇಕು. ಒತ್ತಡ ಮಾತ್ರ ಉಲ್ಟಾ: ನ್ಯಾಚುರಲ್ ಗ್ಯಾಸಿಗೆ ಹೆಚ್ಚಾಗಿ 4-5 ಇಂಚು ನೀರಿನ ಮಟ್ಟ (ನಳಿಗಿಯಾಗ ನೀರನ್ನ ಅಷ್ಟು ಇಂಚು ಎತ್ತೂ ಒತ್ತಡ), ಪ್ರೊಪೇನಿಗೆ 10-11. ಒಂದು ಇಂಚಿಗೆ ಸುಮಾರು ಎರಡೂವರಿ ಮಿಲಿಬಾರ್. ಲೆಕ್ಕಾ ಹಾಕಿದ್ರ 11 ಇಂಚು ನಮ್ಮೂರ ಸಿಲಿಂಡರಿನ ಒತ್ತಡದ ಹತ್ರನ ಬರ್ತದ.

ಭಾಳ ರೆಗ್ಯುಲೇಟರಿನಾಗ ಮುಚ್ಚಳ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ತುಂಡು ತಿರುವಿ ಹಾಕಿದ್ರ ಆತು, ಒತ್ತಡ ಪ್ರೊಪೇನಿನ ಮಟ್ಟಕ್ಕ ಏರ್ತದ, ಎರಡು ನಿಮಿಷದ ಕೆಲಸ. ಮೋಸ ಇರೂದು ಅಲ್ಲೇ. ದೊಡ್ಡ ತೂತಿನ ಜೆಟ್ ಹಂಗ ಬಿಟ್ಟು ಒತ್ತಡ ಏರಿಸಿದ್ರ ಉರಿ ಇನ್ನೂ ಭೀಕರ ಆಗ್ತದ. ಪ್ರತಿ ಬರ್ನರಿನ ಜೆಟ್ (ಇಲ್ಲಿ ಆರಿಫಿಸ್ ಅಂತಾರ), ಓವನ್ನಿನದು, ಸಣ್ಣ ಉರಿಯ ಸ್ಕ್ರೂ, ಎಲ್ಲಾ ಒಟ್ಟಿಗೆ ಆಗಬೇಕು. ಊರಾಗೂ ಪೈಪ್ ಗ್ಯಾಸ್ ಬಂದ ಮನಿಯಾಗ ಜೆಟ್ ಬದಲಿಸೇ ಹೋಗ್ತಾರಲ್ಲ, ಅದ ಕತಿ.

ಬಾಡಿಗಿ ಮನಿಯಾದ್ರ ಮುಟ್ಟಬ್ಯಾಡ್ರಿ, ಮಾಲಕರಿಗೆ ಹೇಳ್ರಿ. ಸ್ವಂತದ್ದಾದ್ರ ಲೈಸೆನ್ಸ್ ಇದ್ದವರನ್ನ ಕರಸ್ರಿ. ಮಾನೋಮೀಟರ್ ಹಚ್ಚಿ ಒತ್ತಡ ಅಳೀಲಿ, ಜೋಡಣಿಗೆ ಸೋಪಿನ ನೀರು ಹಚ್ಚಿ ಗುಳ್ಳಿ ಬರ್ತದೇನು ನೋಡ್ಲಿ. ಉರಿ ನೀಲಿ ಇರಬೇಕು, ಬರ್ನರಿಗೆ ಅಂಟಿಕೊಂಡು ಕೂತಿರಬೇಕು. ಪ್ರೊಪೇನ್ ಗಾಳಿಗಿಂತ ಭಾರ, ನೆಲಮಾಳಿಗಿಗೆ ಇಳಿದು ನಿಲ್ತದ. ವಾಸನಿ ಬಂತಂದ್ರ ಸ್ವಿಚ್ ಒತ್ತಬ್ಯಾಡ್ರಿ, ಹೊರಗ ಹೋಗಿ ಫೋನ್ ಮಾಡ್ರಿ.

ಬಿಚ್ಚಿದ ಜೆಟ್ ಒಗೀಬ್ಯಾಡ್ರಿ. ನನ್ನವು ಸಾಸಿವಿ ಡಬ್ಬಿಯಾಗ ನಾಲ್ಕು ವರ್ಷ ಇದ್ದವು, ಪಟ್ಟಣಕ್ಕ ಮನಿ ಬದಲಿಸಿದಾಗ ಬೇಕಾದವು.