ಕೊಟ್ಟಿಗೆ ಪಕ್ಕದ ಸಾಲು ಮೊಗ್ಗು ಕಟ್ಟಲಿಲ್ಲ

ಹೊಸೂರಿನಿಂದ ತಳಿ ಕಡೆ ಹೋಗುವ ದಾರಿಯಲ್ಲಿ ನಮ್ಮ ಹೊಲ. ಯುಗಾದಿ ಹೊತ್ತಿಗೆ ಹೊಂಗೆ ಹೂ ಬಿಟ್ಟಿರುತ್ತದೆ, ಮಾವು ಕಾಯಿ ಹಿಡಿದಿರುತ್ತದೆ. ಸೇವಂತಿಗೆ ಮಾತ್ರ ಕಾರ್ತಿಕದ ಹೊತ್ತಿಗೇ ಎಲ್ಲರ ಹೊಲದಲ್ಲೂ ಒಟ್ಟಿಗೆ ಅರಳಿ, ಮಾರ್ಕೆಟ್ಟಿನಲ್ಲಿ ಕೇಳುವವರಿಲ್ಲದೆ ಬಿದ್ದಿರುತ್ತದೆ. ಯುಗಾದಿಗೇ ಹೂ ತರೋಣ ಅಂತ 25 ಸೆಂಟಿನಲ್ಲಿ ಬಲ್ಬು ಕಟ್ಟಿದೆ.

ಸೇವಂತಿಗೆ ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡ. ನಮ್ಮ ಕಡೆ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಇರುವ ವ್ಯತ್ಯಾಸ ಒಂದೂವರೆ ಗಂಟೆ, ಅಷ್ಟೇ. ನಮಗೆ ಅದು ಲೆಕ್ಕಕ್ಕೇ ಬರುವುದಿಲ್ಲ, ಗಿಡಕ್ಕೆ ಬರುತ್ತದೆ. ಕತ್ತಲನ್ನು ಅಳೆಯುವುದು ಎಲೆ. ಸುದ್ದಿ ಅಲ್ಲಿಂದ ಕುಡಿಗೆ ಹೋಗುತ್ತದೆ. ಹಗಲಿನ ಉದ್ದಕ್ಕೂ ಹೂವಿಗೂ ನಂಟಿದೆ ಅಂತ ಅಮೆರಿಕದ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲೇ ತಂಬಾಕು ಗಿಡದಲ್ಲಿ ತೋರಿಸಿದ್ದರು. ಮುಖ್ಯ ಹಗಲಲ್ಲ, ನಡುವೆ ಮುರಿಯದ ಕತ್ತಲು ಅನ್ನುವುದು ಆಮೇಲೆ ಗೊತ್ತಾಯಿತು. ಹಾಗಾಗಿ ರಾತ್ರಿ ಹತ್ತರಿಂದ ಎರಡರವರೆಗೆ ಲೈಟು ಹಾಕಿದರೆ ಸಾಕು, ಒಂದು ಉದ್ದದ ರಾತ್ರಿ ಎರಡು ಗಿಡ್ಡ ತುಂಡಾಗುತ್ತದೆ, ಲೈಟು ನಿಲ್ಲಿಸುವವರೆಗೂ ಗಿಡ ಮೊಗ್ಗು ಕಟ್ಟದೆ ಬೆಳೆಯುತ್ತಿರುತ್ತದೆ.

ಮಾವಿನ ಲೆಕ್ಕವೇ ಬೇರೆ. ಅದಕ್ಕೆ ಬೇಕಾದದ್ದು ಚಳಿ ಮತ್ತು ಒಣ ಹವೆ. ಚಳಿ ಸಾಲದಿದ್ದರೆ ಹೂವಿನ ಬದಲು ಚಿಗುರು ಬರುತ್ತದೆ. ಅಂತೂ ವಸಂತದಲ್ಲಿ ಕಾಣುವ ಹೂವಿನ ತೀರ್ಮಾನ ಚಳಿಗಾಲದಲ್ಲೇ ಆಗಿರುತ್ತದೆ.

ನವೆಂಬರ್ ಕೊನೆಗೆ ಸಸಿ ನೆಟ್ಟೆ. ನಾಲ್ಕು ವಾರಕ್ಕೆ ಕುಡಿ ಚಿವುಟಿದೆ. ಜನವರಿ ಮೂರನೇ ವಾರ ಲೈಟು ನಿಲ್ಲಿಸಿದೆ. ಅಲ್ಲಿಂದ ಹೂವಿಗೆ ಒಂಬತ್ತು, ಹತ್ತು ವಾರ.

ಫೆಬ್ರವರಿ ನಡುವೆ ಎಲ್ಲ ಕಡೆ ಜೋಳದ ಕಾಳಿನಷ್ಟು ಮೊಗ್ಗು. ಕೊಟ್ಟಿಗೆ ಪಕ್ಕದ ಎರಡು ಸಾಲಿನಲ್ಲಿ ಮಾತ್ರ ಒಂದೂ ಇಲ್ಲ. ಮೊಣಕಾಲೆತ್ತರ, ಕಡು ಹಸಿರು, ನೋಡಲು ಚೆಂದ. ಕುಡಿ ಬಿಡಿಸಿ ನೋಡಿದರೆ ಎಲೆಯೊಳಗೆ ಎಲೆ. ಗಂಜಲ ಹರಿದು ಸೊಕ್ಕಿವೆ ಅಂದುಕೊಂಡು ಸುಮ್ನೆ ನೀರು ಕಡಿಮೆ ಮಾಡಿದೆ. ಏನೂ ಆಗಲಿಲ್ಲ.

ಒಂದು ರಾತ್ರಿ ನಾಯಿ ಬೊಗಳಿತು ಅಂತ ಎದ್ದು ಹೋದೆ. ಆ ಸಾಲಿನ ಮೇಲೆ ನನ್ನ ನೆರಳು ಉದ್ದಕ್ಕೆ ಬಿದ್ದಿತ್ತು! ರಾಗಿಗೆ ಬಂದ ಆನೆಗಳು ಆ ವರ್ಷ ಇನ್ನೂ ಕಾಡಿಗೆ ಹಿಂತಿರುಗಿರಲಿಲ್ಲ. ಭಯಕ್ಕೆ ಅಪ್ಪ ಎರಡು ತಿಂಗಳಿಂದ ಕೊಟ್ಟಿಗೆ ಲೈಟು ಬೆಳಗಿನವರೆಗೂ ಆರಿಸುತ್ತಿರಲಿಲ್ಲ. ಟೈಮರ್ ತಂದು ಅಷ್ಟೆಲ್ಲ ಲೆಕ್ಕ ಹಾಕಿದವನಿಗೆ ಕಣ್ಣೆದುರಿನ ಬಲ್ಬು ಕಾಣಲಿಲ್ಲ ನೋಡಿ.

“ಲೈಟು ಆರಿಸಪ್ಪ, ಹೂ ಬರ್ತಿಲ್ಲ” ಅಂದೆ.

“ಆನೆ ಬಂದ್ರೆ ಹೂವೂ ಇರಲ್ಲ, ಹೊಲವೂ ಇರಲ್ಲ” ಅಂದರು.

ಅದೂ ನಿಜವೇ. ಬಲ್ಬಿನ ಒಂದು ಬದಿಗೆ ಎಣ್ಣೆ ಡಬ್ಬದ ತಗಡು ಬಗ್ಗಿಸಿ ಕಟ್ಟಿದೆ. ಬೆಳಕು ರಸ್ತೆ ಕಡೆಗಷ್ಟೇ ಹೋಯಿತು.

ಉಳಿದ ಹೂವೆಲ್ಲ ಯುಗಾದಿಗೆ ಮಾರ್ಕೆಟ್ ಸೇರಿತು. ಆ ಎರಡು ಸಾಲು ಏಪ್ರಿಲ್ ಕೊನೆಗೆ ಅರಳಿದವು, ಸಣ್ಣ ಹೂ, ಬಿಸಿಲಿಗೆ ಬಣ್ಣ ಬಿಟ್ಟಿತ್ತು. ಅಮ್ಮ ಅದನ್ನು ಕಿತ್ತು ಮಾರಮ್ಮನ ಗುಡಿಗೆ ಕೊಟ್ಟಳು.